ನಡುಕ ಯಾರಿಗೂ ಕಾಣಲಿಲ್ಲ

ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಧೈರ್ಯ ಬರುತ್ತದೆ ಅಂತ ಯಾರೋ ಹೇಳಿದ್ದರು. ಸಂದರ್ಶನಕ್ಕೆ ಮೊದಲು ಶೌಚಾಲಯದಲ್ಲಿ ಹಾಗೆ ನಿಂತೂ ಬಂದೆ. ಧೈರ್ಯವೇನೂ ಬರಲಿಲ್ಲ.

ಒಳಗೆ ಮೂವರು ಕೂತಿದ್ದರು. ಬಾಯಿ ಒಣಗಿತ್ತು. ನೀರಿನ ಲೋಟಕ್ಕೆ ಕೈ ಚಾಚಿದೆ, ಬೆರಳು ನಡುಗಿತು, ಸುಮ್ನೆ ವಾಪಸ್ ತೆಗೆದುಕೊಂಡೆ. ಆಮೇಲೆ ಒಂದು ಉಪಾಯ ಹೊಳೆಯಿತು. ಯಾರ ಮುಖವನ್ನೂ ನೋಡದೆ, ಕೇಳಿದ್ದಕ್ಕಷ್ಟೇ ಚುಟುಕಾಗಿ ಉತ್ತರ ಕೊಡೋದು. ಉದ್ದ ಮಾತಾಡಿದರೆ ತಾನೇ ದನಿಯ ನಡುಕ ಗೊತ್ತಾಗೋದು!

ಹೇಗೋ ಕೆಲಸ ಸಿಕ್ಕಿತು. ಆ ಮೂವರಲ್ಲಿ ಒಬ್ಬರ ಜೊತೆ ಸಲಿಗೆ ಬೆಳೆದ ಮೇಲೆ ಒಂದು ದಿನ ಕೇಳಿದೆ. "ಆವತ್ತು ನಾನು ಎಷ್ಟು ನಡುಗ್ತಿದ್ದೆ, ಅಲ್ವಾ ಮೇಡಂ?"

"ನಡುಕಾನಾ? ನಿಮಗೆ ಸ್ವಲ್ಪ ಜಂಬ ಅಂದ್ಕೊಂಡಿದ್ವಿ. ಮುಖ ಕೊಟ್ಟೇ ಮಾತಾಡ್ಲಿಲ್ಲ ನೀವು."

ಅವಮಾನವಾಯಿತೋ, ನಗು ಬಂತೋ, ಹೇಳುವುದು ಕಷ್ಟ. ಮುಚ್ಚಿಡಲು ಹೋದದ್ದು ಅವರಿಗೆ ಕಂಡಿರಲೇ ಇಲ್ಲ. ಮುಚ್ಚಿಟ್ಟ ರೀತಿ ಮಾತ್ರ ಚೆನ್ನಾಗಿ ಕಂಡಿತ್ತು.

ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 1998ರಲ್ಲಿ ಇದನ್ನೇ ಬರೆದಿದ್ದರು ಅಂತ ಆಮೇಲೆ ಓದಿದೆ. ಅವರ ಒಂದು ಪ್ರಯೋಗದಲ್ಲಿ ಕೆಟ್ಟ ರುಚಿಯ ಪಾನೀಯ ಕುಡಿದವರು ಅದನ್ನು ಮುಖದಲ್ಲಿ ತೋರಿಸಬಾರದಿತ್ತು. ನೋಡುವವರಿಗೆ ಗೊತ್ತಾಗೇ ಆಗುತ್ತೆ ಅಂತ ಕುಡಿದವರು ಅಂದುಕೊಂಡರು. ಅವರು ಅಂದುಕೊಂಡಷ್ಟು ಜನಕ್ಕೆ ಗೊತ್ತಾಗಲಿಲ್ಲ. 2003ರಲ್ಲಿ ಇನ್ನೊಂದು ಪ್ರಯೋಗ. ಭಾಷಣ ಮಾಡುವವರಿಗೆ 'ನಿಮ್ಮ ಅಳುಕು ನೀವು ಎಣಿಸಿದಷ್ಟು ಹೊರಗೆ ಕಾಣೋದಿಲ್ಲ' ಅಂತ ಮೊದಲೇ ವಿವರಿಸಿದರು. ಅವರ ಭಾಷಣ ಕೇಳುವವರಿಗೂ ಚೆನ್ನಾಗಿದೆ ಅನ್ನಿಸಿತು. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ ನೋಡಿ.

ಇಷ್ಟೆಲ್ಲ ತಿಳಿದ ಮೇಲೂ, ಮೊನ್ನೆ ಮೇಜಿನ ಆಚೆ ಬದಿ ಕೂತಾಗ ನಾನು ಮಾಡಿದ್ದೇನು? ಒಬ್ಬ ಹುಡುಗ ತಲೆ ತಗ್ಗಿಸಿಕೊಂಡು ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಿದ್ದ. ಎರಡನೇ ನಿಮಿಷಕ್ಕೇ 'ಆಸಕ್ತಿ ಇಲ್ಲ' ಅಂತ ಬರೆದುಬಿಟ್ಟೆ. ಕೂತಷ್ಟು ಹೊತ್ತೂ ಆ ಮಾತು ಗಟ್ಟಿಯಾಗುತ್ತಲೇ ಹೋಯಿತು. ಮನಶ್ಶಾಸ್ತ್ರಜ್ಞರಾದ ಜಾನಿನ್ ವಿಲ್ಲಿಸ್, ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ತೋರಿಸಿದ್ದೂ ಇಂಥದ್ದೇ. ಅಪರಿಚಿತ ಮುಖವೊಂದನ್ನು ಸೆಕೆಂಡಿನ ಹತ್ತನೇ ಒಂದು ಭಾಗ ನೋಡಿದರೆ ಸಾಕು, ತೀರ್ಪು ತಯಾರು. ಜಾಸ್ತಿ ಹೊತ್ತು ನೋಡಲು ಬಿಟ್ಟರೆ ತೀರ್ಪು ಅಷ್ಟೇನೂ ಬದಲಾಗಲಿಲ್ಲ, ಅದರ ಮೇಲಿನ ಭರವಸೆ ಹೆಚ್ಚಿತು. ಆತ್ಮವಿಶ್ವಾಸದ ತೊಂದರೆ ಬರೀ ಎದುರು ಕೂತವರದ್ದಲ್ಲ.

ಆಗ ಅವನ ಮುಂದಿದ್ದ ಲೋಟ ಕಣ್ಣಿಗೆ ಬಿತ್ತು. ತುಂಬಿದ್ದು ತುಂಬಿದ ಹಾಗೇ ಇತ್ತು.

"ನೀರು ಕುಡೀರಿ" ಅಂದೆ. ಕುಡಿಯಲಿಲ್ಲ. ಪೆನ್ನು ಕೆಳಗಿಟ್ಟು, ಏನೋ ಹುಡುಕುವವರ ಹಾಗೆ ಬ್ಯಾಗಿನೊಳಗೆ ತಲೆ ಹಾಕಿದೆ. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ಮೇಜಿಗೆ ತಾಗಿದ ಸದ್ದು ಕೇಳಿಸಿತು.