ಆ ನಾಯಿಗೆ ಎಷ್ಟು ಕೊಟ್ರಿ?

ಹದಿನೆಂಟು ಸಾವಿರ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಸನದಲ್ಲಿ ಬೆಳಗ್ಗೆ ನಮ್ಮ ಲ್ಯಾಬ್ರಡಾರ್ ಬೆಲ್ಲಳನ್ನು ವಾಕಿಂಗ್ ಕರ್ಕೊಂಡು ಹೋದರೆ ಮಹಾರಾಜ ಪಾರ್ಕ್ ತಲುಪುವಷ್ಟರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕ, ಇದಕ್ಕೆಷ್ಟು ಕೊಟ್ರಿ?" ಹೆಸರೇನು, ವಯಸ್ಸೆಷ್ಟು, ಕಚ್ಚುತ್ತಾ ಅನ್ನೋದೆಲ್ಲ ಆಮೇಲೆ. ರೇಟು ಹೇಳಿದ ತಕ್ಷಣ ಎರಡರಲ್ಲಿ ಒಂದು ಮಾತು ಬರುತ್ತದೆ. ಒಂದು, "ಅಷ್ಟೊಂದಾ!" ಇನ್ನೊಂದು, "ನಮ್ ಭಾವಮೈದ ಏಳು ಸಾವಿರಕ್ಕೇ ತಂದ."

ತಂದಿರಬಹುದು. ನಮ್ಮ ಕಡೆ ವಂಶದ ನೋಂದಣಿ ಪೇಪರ್ ಇಲ್ಲದ ಲ್ಯಾಬ್ ಮರಿ ಏಳೆಂಟು ಸಾವಿರಕ್ಕೂ ಸಿಗುತ್ತದೆ. ಪೇಪರ್ ಇದ್ದು, ತಂದೆ ತಾಯಿ ಶೋಗಳಲ್ಲಿ ಗೆದ್ದಿದ್ದರೆ ನಲವತ್ತೂ ದಾಟುತ್ತದೆ. ಈ ಏಳಕ್ಕೂ ನಲವತ್ತಕ್ಕೂ ನಡುವಿನ ವ್ಯತ್ಯಾಸದ ಬಗ್ಗೆಯೇ ಎಲ್ಲರೂ ತಲೆ ಕೆಡಿಸಿಕೊಳ್ಳುವುದು. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಅದು ಚಿಕ್ಕ ಮೊತ್ತ. ಲ್ಯಾಬ್ ಹತ್ತರಿಂದ ಹನ್ನೆರಡು ವರ್ಷ ಬದುಕುತ್ತದೆ. ನಮ್ಮ ಮನೆಯಲ್ಲಿ ಊಟ, ಔಷಧಿ, ಡಾಕ್ಟರು ಎಲ್ಲ ಸೇರಿ ತಿಂಗಳಿಗೆ ನಾಲ್ಕೂವರೆ ಸಾವಿರದ ಹತ್ತಿರ ಬರುತ್ತದೆ. ವರ್ಷಕ್ಕೆ 54,000. ಹನ್ನೊಂದು ವರ್ಷಕ್ಕೆ ಗುಣಿಸಿದರೆ ಸುಮಾರು ಆರು ಲಕ್ಷ. ಇದರ ಮುಂದೆ ಹದಿನೆಂಟು ಸಾವಿರ ಯಾವ ಲೆಕ್ಕ?

ಮೊದಲು ಪೇಪರ್ ವಿಷಯ ಮುಗಿಸೋಣ. ಚೆನ್ನೈನಲ್ಲಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾ ಕೊಡುವ ನೋಂದಣಿ ಪತ್ರ ಅದು. ಮರಿಯ ಅಪ್ಪ ಅಮ್ಮ ಯಾರು, ಅಜ್ಜ ಅಜ್ಜಿ ಯಾರು ಅಂತ ಹೇಳುತ್ತದೆ. ಮರಿ ಆರೋಗ್ಯವಾಗಿದೆ ಅಂತ ಅದು ಹೇಳುವುದಿಲ್ಲ. ಲ್ಯಾಬ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲು ಸರಿಯಾಗಿ ಕೂರದ ಕಾಯಿಲೆ ವಂಶದಲ್ಲೇ ಬರುತ್ತದೆ. ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ತೆಗೆಸಿದ್ದೀರಾ ಅಂತ ಕೇಳಿ ನೋಡಿ. ಮಾರುವವರಲ್ಲಿ ಹೆಚ್ಚಿನವರು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. "ಹೆವಿ ಬೋನ್ ಮೇಡಂ, ಪಂಚ್ ಫೇಸ್ ಮೇಡಂ" ಅನ್ನುತ್ತಾರೆ, ಅಂದರೆ ದಪ್ಪ ಮೂಳೆ, ಗಿಡ್ಡ ಮೂತಿ. ಕೇಳಿದ್ದು ಮೂಳೆ ದಪ್ಪ ಇದೆಯಾ ಅಂತ ಅಲ್ವಲ್ಲ!

ನಾನು ದುಡ್ಡು ಕೊಟ್ಟದ್ದು ತಾಯಿಯನ್ನು ನೋಡಿ. ತಾಯಿ ಅದೇ ಮನೆಯಲ್ಲಿತ್ತು, ಮೈ ತುಂಬಿಕೊಂಡಿತ್ತು, ಹೊಸಬರು ಬಂದರೂ ಬಾಲ ಅಲ್ಲಾಡಿಸುತ್ತಿತ್ತು. ಮರಿಗಳು ಒಣಗಿದ ಜಾಗದಲ್ಲಿ ಮಲಗಿದ್ದವು. ಎಂಟು ವಾರ ತುಂಬುವ ತನಕ ಕೊಡಲ್ಲ ಅಂದರು. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ಸಾಕಿ ಮಾರುವವರಿಗೆ ನಿಯಮ ಮಾಡಿದೆ. ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ, ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆದರೂ ಮೂವತ್ತು ದಿನದ ಮರಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಬಸ್ಸಿಗೆ ಕೊಡುವವರಿದ್ದಾರೆ. ವಾಟ್ಸಾಪ್‌ನಲ್ಲಿ ಫೋಟೋ ನೋಡಿ, ಅಡ್ವಾನ್ಸ್ ಹಾಕಿ, ಬಸ್ ಸ್ಟ್ಯಾಂಡಿನಲ್ಲಿ ಮರಿ ಬಿಡಿಸಿಕೊಳ್ಳುವವರೂ ಇದ್ದಾರೆ. ಆ ಏಳು ಸಾವಿರದ ಮರಿಗಳಲ್ಲಿ ಎಷ್ಟೋ ಹೀಗೆ ಬಂದವೇ.

ಅದರಿಂದ ಏನಾಗುತ್ತದೆ ಅಂದರೆ, ಪಾರ್ವೋ ಅನ್ನುವ ವೈರಸ್ ಕಾಯಿಲೆ. ರಕ್ತಭೇದಿ, ವಾಂತಿ, ಎರಡೇ ದಿನದಲ್ಲಿ ಮರಿ ಚಿಂದಿ. ಈ ವೈರಸ್ ಮೈಗೆ ಸೇರಿ ರೋಗ ಕಾಣಿಸಿಕೊಳ್ಳಲು ಮೂರರಿಂದ ಏಳು ದಿನ ಬೇಕು. ಅದಕ್ಕೇ ಕೊಟ್ಟವರು "ನಮ್ಮನೇಲಿ ಚೆನ್ನಾಗೇ ಇತ್ತಲ್ಲ" ಅಂತ ಸತ್ಯವನ್ನೇ ಹೇಳುತ್ತಾರೆ, ತಂದವರು ಆಸ್ಪತ್ರೆಯಲ್ಲಿ ಡ್ರಿಪ್ ಹಿಡಿದು ಕೂರುತ್ತಾರೆ. ನಾಲ್ಕೈದು ದಿನದ ಚಿಕಿತ್ಸೆಗೆ ಖಾಸಗಿಯಲ್ಲಿ ಹತ್ತು ಸಾವಿರ ಆರಾಮಾಗಿ ಹೋಗುತ್ತದೆ. ಉಳಿಯುವ ಖಾತ್ರಿಯೂ ಇಲ್ಲ. ಇನ್ನೊಂದು ವಿಷಯ. ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಮರಿ ಸತ್ತ ಬೇಜಾರಿಗೆ ವಾರದಲ್ಲೇ ಇನ್ನೊಂದು ತಂದರೆ ಅದಕ್ಕೂ ಅದೇ ಗತಿ.

ಇದನ್ನು ತಡೆಯುವ ಲಸಿಕೆ ಯಾಕೆ ಮೂರು ಮೂರು ಸಲ, ಡಾಕ್ಟರು ಸುಮ್ನೆ ದುಡ್ಡು ಮಾಡ್ತಾರಾ ಅಂತಲೂ ಕೇಳುತ್ತಾರೆ. ಇಲ್ಲ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ರಕ್ತದಲ್ಲಿ ಇರುವ ತನಕ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಹಾಗಾಗಿ ಆರೆಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೂ ಕೊಡುತ್ತಾರೆ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ಕೇಳಿಕೊಂಡು ಹೋಗಿ. ನಮ್ಮೂರಿನವರಿಗೆ ಇನ್ನೊಂದು ಅದೃಷ್ಟ ಇದೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿ ಕಾಯಬೇಕು, ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಾರೆ. ಆದರೆ ಖರ್ಚು ಖಾಸಗಿಗಿಂತ ಎಷ್ಟೋ ಕಡಿಮೆ.

ಊಟಕ್ಕೆ ಬರೋಣ. ದೊಡ್ಡ ಲ್ಯಾಬ್‌ಗೆ ಒಣ ಆಹಾರ ದಿನಕ್ಕೆ ಮುನ್ನೂರು ನಾನೂರು ಗ್ರಾಂ ಬೇಕು. ತಿಂಗಳಿಗೆ ಹತ್ತು ಕೆಜಿ ದಾಟಿತು. ಸಾಧಾರಣ ಬ್ರ್ಯಾಂಡ್ ತಂದರೂ ಮೂರು ಸಾವಿರ. ನಾವು ಬೆಳಗ್ಗೆ ಅದು, ರಾತ್ರಿ ಮುದ್ದೆ ಇಲ್ಲ ಅನ್ನದ ಜೊತೆ ಬೇಯಿಸಿದ ಕೋಳಿ ಹಾಕುತ್ತೇವೆ. ಮನೆ ಊಟ ಹಾಕಿದರೆ ಖರ್ಚೇ ಇಲ್ಲ ಅನ್ನುವವರು ಸಾರನ್ನ ಕಲಸಿ ಹಾಕುವವರು. ಸಾರಿನಲ್ಲಿ ಈರುಳ್ಳಿ ಇರುತ್ತದೆ, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಇನ್ನು ಉಳಿಸಬಹುದಾದ ದುಡ್ಡು ಅಂದರೆ ಕ್ಯಾಲ್ಸಿಯಂ ಬಾಟಲಿ. ಮರಿಗೆ ಮರಿಗಳ ಆಹಾರವನ್ನೇ ಸರಿಯಾಗಿ ಹಾಕುತ್ತಿದ್ದರೆ ಅದು ಬೇಡವೇ ಬೇಡ. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ, ಕೀಲು ಕೆಡುತ್ತವೆ. ಆದರೂ ಅಂಗಡಿಯಲ್ಲಿ ಮರಿ ಅಂದ ತಕ್ಷಣ ಮೊದಲು ಕೈಗೆ ಕೊಡುವುದು ಅದನ್ನೇ!

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ತೋಟದ ಮನೆಗೆ ಜಾತಿ ನಾಯಿ ತರುವವರ ಲೆಕ್ಕವೇ ಬೇರೆ. ನಮ್ಮ ಅತ್ತೆ ಮನೆ ಸಕಲೇಶಪುರದ ಹತ್ತಿರ ಇರುವುದರಿಂದ ಇದು ಕಣ್ಣಾರೆ ಕಂಡ ವಿಷಯ. ಅಲ್ಲಿ ಮೊದಲ ಖರ್ಚು ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳಕ್ಕೆ. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ರಕ್ತ ಇಳಿದುಹೋಗುತ್ತದೆ, ಒಸಡು ಬೆಳ್ಳಗಾಗುತ್ತದೆ. ತಡೆಯಲು ಒಳ್ಳೆಯ ಮಾತ್ರೆಗಳಿವೆ. ದೊಡ್ಡ ನಾಯಿಗೆ ಒಂದು ಮಾತ್ರೆ ಎರಡು ಸಾವಿರದ ಆಸುಪಾಸು, ಮೂರು ತಿಂಗಳು ಬರುತ್ತದೆ. ಮಳೆಗಾಲದಲ್ಲಿ ಜಿಗಣೆ ಮೂಗಿನೊಳಗೇ ಸೇರಿಕೊಳ್ಳುತ್ತದೆ. ನಾಗರಹಾವು ಕಚ್ಚಿದರೆ ವಿಷಕ್ಕೆ ಕೊಡುವ ಔಷಧಿ ಒಂದು ಬಾಟಲಿ ಸಾಕಾಗಲ್ಲ, ರಾತ್ರಿ ಹೊತ್ತು ಡಾಕ್ಟರು ಸಿಗುವುದೂ ಕಷ್ಟ. ಎಲ್ಲಕ್ಕಿಂತ ದೊಡ್ಡದು ಚಿರತೆ. ಚಿರತೆಗೆ ನಾಯಿ ಅಂದರೆ ಪ್ರಾಣ. ಪೇಪರ್ ಇದೆಯೋ ಇಲ್ಲವೋ ನೋಡಲ್ಲ. ರಾತ್ರಿ ಗಟ್ಟಿ ಗೂಡಿಗೆ ಹಾಕಿ ಚಿಲಕ ಹಾಕಬೇಕು. ಗೂಡಿನ ವೆಲ್ಡಿಂಗ್ ಖರ್ಚನ್ನೂ ಬರೆದುಕೊಳ್ಳಿ.

ಚಿಕ್ಕಮಗಳೂರು ತಣ್ಣಗಿದೆ, ಹಸ್ಕಿ ಸಾಕಬಹುದಲ್ವಾ ಅಂತ ಕೇಳಿದವರಿದ್ದಾರೆ. ನಮ್ಮ ಮಲೆನಾಡಿನ ತಣ್ಣಗೆ ಬೇರೆ, ಸೈಬೀರಿಯಾದ ತಣ್ಣಗೆ ಬೇರೆ. ಏಪ್ರಿಲ್‌ನಲ್ಲಿ ಬಂದು ನೋಡಿ. ಪಗ್‌ನ ಕಥೆ ಇನ್ನೂ ಪಾಪ, ಚಪ್ಪಟೆ ಮೂಗಿಗೆ ಉಸಿರಾಡುವುದೇ ಒಂದು ಕೆಲಸ. ಮುಧೋಳ ನಾಯಿ ನಮ್ಮದೇ ರಾಜ್ಯದ್ದು, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಬಿಸಿಲು ತಡೆಯುತ್ತದೆ. ಆದರೆ ಓಡಲು ಜಾಗ ಬೇಕು. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ಕಟ್ಟಿಹಾಕಲು ಅಲ್ಲ.

ದುಡ್ಡಲ್ಲಿ ಬರೆಯಲಾಗದ ಖರ್ಚೂ ಇದೆ. ನೆಂಟರ ಮದುವೆಗೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗುವುದು ನಿಂತುಹೋಗಿದೆ. ಒಬ್ಬರು ಉಳಿಯಬೇಕು, ಇಲ್ಲ ದಿನಕ್ಕೆ ಐನೂರು ಕೊಟ್ಟು ಎಲ್ಲಾದರೂ ಬಿಡಬೇಕು. ಧರ್ಮಸ್ಥಳಕ್ಕೂ ಈಗ ಎರಡು ಪಾಳಿಯಲ್ಲಿ ಹೋಗುತ್ತೇವೆ.

ಇಷ್ಟೆಲ್ಲ ಕೇಳಿದ ಮೇಲೂ ಪಾರ್ಕಿನಲ್ಲಿ ಒಬ್ಬರು ಬಿಡುವುದಿಲ್ಲ. "ಒಂದ್ಸಲ ಮರಿ ಹಾಕ್ಸಿ ಅಕ್ಕ, ಎಲ್ಲ ಕಾಸು ವಾಪಸ್ ಬರುತ್ತೆ." ಅದನ್ನೂ ನೋಡಿದ್ದೇನೆ. ಗಂಡು ನಾಯಿಯವರು ಒಂದು ಒಳ್ಳೆ ಮರಿ ಇಲ್ಲವೇ ಅದರ ದುಡ್ಡು ತೆಗೆದುಕೊಳ್ಳುತ್ತಾರೆ. ಹೆರಿಗೆ ಕಷ್ಟವಾದರೆ ಸಿಸೇರಿಯನ್. ಏಳೆಂಟು ಮರಿ ಹುಟ್ಟಿದರೆ ಅಷ್ಟಕ್ಕೂ ಜಂತುಹುಳದ ಔಷಧಿ, ಲಸಿಕೆ, ಊಟ. ಮೂರು ತಿಂಗಳಾದರೂ ಹೋಗದ ಮರಿಯ ರೇಟು ಇಳಿಯುತ್ತದೆ, ಹೊಟ್ಟೆ ಮಾತ್ರ ದೊಡ್ಡದಾಗುತ್ತದೆ. ಬೆಲ್ಲಳಿಗಂತೂ ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಮಾಡಿಸದೆ ಬಿಟ್ಟ ಹೆಣ್ಣು ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವುದುಂಟು, ಆಗ ಮಾಡುವ ಆಪರೇಷನ್ನಿಗೆ ದುಡ್ಡೂ ಜಾಸ್ತಿ, ಅಪಾಯವೂ ಜಾಸ್ತಿ.

ಮರಿ ಬೇಕೇ ಬೇಕು ಅನ್ನುವವರಿಗೆ ಒಂದು ಸುದ್ದಿ. ನಮ್ಮ ಬೀದಿಯ ನಾಟಿ ನಾಯಿ ಐದು ಮರಿ ಹಾಕಿದೆ. ಎರಡು ಕಂದು, ಮೂರು ಕಪ್ಪು. ತಾಯಿಯನ್ನು ನೋಡಬಹುದು, ದಿನಾ ಅಲ್ಲೇ ಇರುತ್ತದೆ. ಮರಿಗೆ ದುಡ್ಡಿಲ್ಲ. ಲಸಿಕೆ ಖರ್ಚು ನಿಮ್ಮದು.