ವಾಷಿಂಗ್ಟನ್ನಿನಲ್ಲಿ ಬರೆದ ವರದಿಯಿಂದ ದಾವಣಗೆರೆಯಲ್ಲಿ ಏನಾಗುತ್ತದೆ?

ಕಾನೂನು ಅರಿವು ಕಾರ್ಯಕ್ರಮಗಳಲ್ಲಿ, ಅದರಲ್ಲೂ ಜುಲೈ 30ರ ಮಾನವ ಕಳ್ಳಸಾಗಣೆ ವಿರೋಧಿ ದಿನದಂದು, ಮಾತು ಮುಗಿಸಿ ಕುಳಿತ ಮೇಲೆ ವಕೀಲನಾದ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: “ಸಾರ್, ಅಮೆರಿಕದವರು ವರ್ಷಕ್ಕೊಮ್ಮೆ ವರದಿ ಬರೆದು ನಮ್ಮನ್ನು ಎರಡನೇ ಶ್ರೇಣಿಗೆ ಹಾಕ್ತಾರಲ್ಲ, ಅದರಿಂದ ಇಲ್ಲಿ ಯಾರಿಗಾದರೂ ಉಪಯೋಗ ಆಗಿದೆಯಾ? ನಮಗೆ ಬುದ್ಧಿ ಹೇಳೋಕೆ ಅವರು ಯಾರು?” ಕಾಲೇಜು ಹುಡುಗರೂ ಕೇಳುತ್ತಾರೆ, ಪೊಲೀಸ್ ಸಿಬ್ಬಂದಿಯೂ ಕೇಳುತ್ತಾರೆ. ಉಪಯೋಗವಾಗಿದೆ, ಆದರೆ ಅದು ಶ್ರೇಣಿಯಿಂದ ಆದದ್ದಲ್ಲ ಎಂಬುದು ನನ್ನ ಉತ್ತರ.

ಮೊದಲು ವರದಿಯ ವಿಚಾರ. ಅಮೆರಿಕವು 2000ದಲ್ಲಿ ಮಾಡಿಕೊಂಡ ಕಾಯ್ದೆಯ ಪ್ರಕಾರ ಅಲ್ಲಿನ ವಿದೇಶಾಂಗ ಇಲಾಖೆಯು 2001ರಿಂದ ಪ್ರತಿವರ್ಷ ಬೇರೆ ಬೇರೆ ದೇಶಗಳ ಸರ್ಕಾರಗಳು ಮಾನವ ಕಳ್ಳಸಾಗಣೆಯನ್ನು ತಡೆಯಲು ಏನು ಮಾಡಿವೆ ಎಂದು ಅಳೆದು ಶ್ರೇಣಿ ನೀಡುತ್ತದೆ; ಒಂದನೆಯದು ಎಲ್ಲಕ್ಕಿಂತ ಮೇಲಿನದು, ಮೂರನೆಯದು ಎಲ್ಲಕ್ಕಿಂತ ಕೆಳಗಿನದು. ಮೂರನೇ ಶ್ರೇಣಿಗೆ ಬಿದ್ದ ದೇಶಕ್ಕೆ ಕೆಲವು ಬಗೆಯ ನೆರವನ್ನು ನಿಲ್ಲಿಸಬಹುದು. ಬೇಡವೆನಿಸಿದರೆ ಅಧ್ಯಕ್ಷರು ವಿನಾಯಿತಿಯನ್ನೂ ಕೊಡಬಹುದು. ಭಾರತ 2004ರಿಂದ 2010ರವರೆಗೆ ಎರಡನೇ ಶ್ರೇಣಿಯ ನಿಗಾ ಪಟ್ಟಿಯಲ್ಲಿ, ಅಂದರೆ ಮೂರನೆಯದಕ್ಕೆ ಜಾರಬಹುದಾದ ಅಂಚಿನಲ್ಲಿ ಇತ್ತು, 2011ರಲ್ಲಿ ಅದರಿಂದ ಹೊರಬಂದು ಎರಡನೇ ಶ್ರೇಣಿಗೆ ಏರಿತು. ಎಲ್ಲರಿಗೂ ಅಂಕ ಹಾಕುತ್ತಿದ್ದ ಅಮೆರಿಕ ತನಗೇ ಅಂಕ ಹಾಕಿಕೊಂಡದ್ದು 2010ರಲ್ಲಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಪ್ರಶ್ನೆಯ ಕೊನೆಯಲ್ಲಿರುವ ಅಸಮಾಧಾನ ಪೂರ್ತಿ ಅಕಾರಣವಾದದ್ದಲ್ಲ.

ಇಂಥ ಒತ್ತಡ ಕೆಲಸ ಮಾಡಬೇಕಾದರೆ ಆ ದೇಶಕ್ಕೆ ಆ ಹೊತ್ತಿನಲ್ಲಿ ಕಳೆದುಕೊಳ್ಳುವಂಥದ್ದು ಏನಾದರೂ ಇರಬೇಕು. ಮ್ಯಾನ್ಮಾರ್ ಮತ್ತು ಕಾಂಬೋಡಿಯಾದಿಂದ ಬಂದ ಬಡ ಕೂಲಿಗಳನ್ನು ಮೀನುಗಾರಿಕೆ ದೋಣಿಗಳಲ್ಲಿ ಜೀತಕ್ಕಿಟ್ಟುಕೊಳ್ಳುತ್ತಿದ್ದ ಥಾಯ್ಲೆಂಡನ್ನು 2014ರಲ್ಲಿ ಮೂರನೇ ಶ್ರೇಣಿಗೆ ಇಳಿಸಲಾಯಿತು; ಮರುವರ್ಷದ ಏಪ್ರಿಲ್‌ನಲ್ಲಿ, ಥಾಯ್ ಮೀನನ್ನು ಕೊಳ್ಳುತ್ತಿದ್ದ ಐರೋಪ್ಯ ಒಕ್ಕೂಟವು ಅಕ್ರಮ ಮೀನುಗಾರಿಕೆಯ ಕಾರಣಕ್ಕೆ ಹಳದಿ ಕಾರ್ಡ್ ತೋರಿಸಿತು, ಅಂದರೆ ಸರಿಪಡಿಸಿಕೊಳ್ಳದಿದ್ದರೆ ಆಮದು ನಿಲ್ಲಿಸಬಹುದೆಂದು ಎಚ್ಚರಿಸಿತು. ವ್ಯಾಪಾರಕ್ಕೇ ಪೆಟ್ಟು ಬೀಳುವುದು ಖಚಿತವಾದಾಗ ಅದೇ ವರ್ಷ ಹೊಸ ಮೀನುಗಾರಿಕಾ ಶಾಸನ ಬಂತು, ದೋಣಿ ಬಂದರಿನಿಂದ ಹೊರಡುವಾಗಲೂ ಮರಳುವಾಗಲೂ ಅದರಲ್ಲಿದ್ದ ಕೆಲಸಗಾರರನ್ನು ಪರಿಶೀಲಿಸುವ ವ್ಯವಸ್ಥೆ ಬಂತು, ರೋಹಿಂಗ್ಯಾ ವಲಸಿಗರ ಕಳ್ಳಸಾಗಣೆಯ ಪ್ರಕರಣದಲ್ಲಿ 2017ರಲ್ಲಿ ಸೇನೆಯ ಲೆಫ್ಟಿನೆಂಟ್ ಜನರಲ್ ಒಬ್ಬರಿಗೇ 27 ವರ್ಷಗಳ ಜೈಲು ಶಿಕ್ಷೆಯಾಯಿತು. ಇದಕ್ಕೆ ತದ್ವಿರುದ್ಧವೆಂಬಂತೆ ಮಲೇಷ್ಯಾ 2015ರಲ್ಲಿ, ಅಮೆರಿಕದೊಂದಿಗೆ ದೊಡ್ಡ ವ್ಯಾಪಾರ ಒಪ್ಪಂದದ ಮಾತುಕತೆ ನಡೆಯುತ್ತಿದ್ದಾಗಲೇ, ಮೂರನೇ ಶ್ರೇಣಿಯಿಂದ ಮೇಲೇರಿತು. ಏರಿಸಿದವರು ಕೊಟ್ಟ ಕಾರಣಗಳನ್ನು ನಂಬುವುದು ಕಷ್ಟ.

ಮ್ಯಾನ್ಮಾರ್ 2018ರಿಂದ ಮೂರನೇ ಶ್ರೇಣಿಯಲ್ಲೇ ಇದ್ದರೂ ಥಾಯ್ಲೆಂಡ್ ಗಡಿಗೆ ಅಂಟಿದ ಮ್ಯಾವಾಡಿ ಪಟ್ಟಣದ ಸುತ್ತಮುತ್ತ ಸೈಬರ್ ವಂಚನೆಯ ಕೇಂದ್ರಗಳು ಬೆಳೆಯುತ್ತಲೇ ಹೋದವು. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಹೋದ ನಮ್ಮ ಹುಡುಗರ ಪಾಸ್‌ಪೋರ್ಟ್ ಕಿತ್ತುಕೊಂಡು ದುಡಿಸಿಕೊಂಡದ್ದು ಇಂಥಲ್ಲೇ. ಅಲ್ಲಿ ಬಾಗಿಲು ತೆರೆಸಿದ್ದು ವಾಷಿಂಗ್ಟನ್ನಿನ ವರದಿಯಲ್ಲ. 2025ರ ಜನವರಿಯಲ್ಲಿ ಚೀನಾದ ನಟನೊಬ್ಬ ಅಲ್ಲಿ ಸಿಕ್ಕಿಬಿದ್ದ ಸುದ್ದಿ ದೊಡ್ಡದಾಗಿ, ಬೀಜಿಂಗ್ ಬೆನ್ನುಹತ್ತಿ, ಫೆಬ್ರವರಿ 5ರಂದು ಥಾಯ್ಲೆಂಡ್ ಆ ಗಡಿ ಪ್ರದೇಶಗಳಿಗೆ ವಿದ್ಯುತ್, ಇಂಧನ, ಇಂಟರ್‌ನೆಟ್‌ಗಳನ್ನು ಕಡಿತಗೊಳಿಸಿದ ಮೇಲೆ ಸಾವಿರಾರು ಜನ ಹೊರಬಂದರು. ಅವರಲ್ಲಿ 549 ಭಾರತೀಯರನ್ನು ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಗಡಿಪಟ್ಟಣ ಮೇ ಸಾಟ್‌ನಿಂದ ಕರೆತಂದವು.

ದುಡಿಯುವವರ ಶೋಷಣೆಯ ಬಗೆಗಿನ ಇದೇ ಕಾಳಜಿ ತನ್ನ ಮರ್ಯಾದೆಗೆ ಕುತ್ತು ತಂದಾಗ ದೆಹಲಿ ಹೇಗೆ ನಡೆದುಕೊಂಡಿತು ಎಂಬುದನ್ನೂ ಮರೆಯಬಾರದು. 2013ರ ಡಿಸೆಂಬರ್‌ನಲ್ಲಿ, ಮನೆಗೆಲಸದಾಕೆಯ ವೀಸಾ ಮತ್ತು ಸಂಬಳದ ವಿಚಾರದಲ್ಲಿ ನ್ಯೂಯಾರ್ಕ್‌ನ ಭಾರತೀಯ ರಾಜತಾಂತ್ರಿಕರೊಬ್ಬರನ್ನು ಬಂಧಿಸಿದಾಗ, ದೆಹಲಿಯಲ್ಲಿ ಅಮೆರಿಕದ ರಾಯಭಾರ ಕಚೇರಿಯ ಮುಂದಿನ ಬ್ಯಾರಿಕೇಡ್‌ಗಳನ್ನೇ ತೆರವುಗೊಳಿಸಲಾಯಿತು. ಬಂಧಿಸಿದ ರೀತಿಯ ಬಗ್ಗೆ ಆಕ್ಷೇಪ ನ್ಯಾಯವಾದದ್ದೇ, ಆದರೆ ಆ ಗದ್ದಲದಲ್ಲಿ ಮನೆಗೆಲಸದಾಕೆಯ ಸಂಬಳದ ಮಾತನ್ನು ಆಡಿದವರು ತೀರಾ ಕಡಿಮೆ.

ಹಾಗಾದರೆ ದಾವಣಗೆರೆಗೆ ಬಂದ ಉಪಯೋಗ ಯಾವುದು? 2000ದ ನವೆಂಬರ್‌ನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ಭಾರತ 2011ರ ಮೇನಲ್ಲಿ ಅನುಮೋದಿಸಿದ, ಮಾನವ ಕಳ್ಳಸಾಗಣೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಪಲೆರ್ಮೊ ಪ್ರೋಟೊಕಾಲ್‌ನಲ್ಲಿ ಒಂದು ಅಂಶವಿದೆ: ಮೋಸ, ಬಲಪ್ರಯೋಗ, ಅಧಿಕಾರದ ದುರುಪಯೋಗಗಳಿಂದ ಶೋಷಣೆಗೆ ಒಯ್ದಿದ್ದರೆ ಸಂತ್ರಸ್ತರು ಒಪ್ಪಿದ್ದರೆಂಬ ವಾದ ನಿಲ್ಲುವುದಿಲ್ಲ. ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನೇಮಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿಯ ಶಿಫಾರಸಿನ ಬೆನ್ನಿಗೆ 2013ರಲ್ಲಿ ಅದು ಭಾರತೀಯ ದಂಡ ಸಂಹಿತೆಯ 370ನೇ ಕಲಮಿಗೆ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲೂ ಇದೆ. ಇದರ ಬೆಲೆ ತಿಳಿಯಬೇಕಾದರೆ ಮುಂಗಡ ಕೊಟ್ಟು ಕೂಲಿಗಳನ್ನು ಕರೆದೊಯ್ಯುವ ಮೇಸ್ತ್ರಿಯ ನೋಟ್‌ಬುಕ್ ನೋಡಬೇಕು. ಜಗಳೂರು, ಚಳ್ಳಕೆರೆ ಕಡೆಯ ಕುಟುಂಬವೊಂದು ಮುಂಗಡ ಪಡೆದು ದೂರದ ತೋಟಕ್ಕೋ ಇಟ್ಟಿಗೆ ಭಟ್ಟಿಗೋ ಹೋದರೆ, ಆ ಪುಸ್ತಕದಲ್ಲಿ ಮುಂಗಡದ ಕೆಳಗೆ ರೇಷನ್ ಖರ್ಚು, ಮಗುವಿನ ಆಸ್ಪತ್ರೆ ಖರ್ಚು, ಊರಿಗೆ ಹೋಗಿಬಂದ ಬಸ್ ಚಾರ್ಜ್ ಸೇರುತ್ತಾ ಹೋಗುತ್ತವೆ. ಕೂಲಿಯ ಸಾಲು ಮಾತ್ರ ಬೆಳೆಯುವುದಿಲ್ಲ. ಎಲ್ಲದರ ಪಕ್ಕದಲ್ಲೂ ಹೆಬ್ಬೆಟ್ಟಿನ ಗುರುತು. ಕೋರ್ಟಿನಲ್ಲಿ ಎದುರು ಪಕ್ಷದವರು ಮೊದಲು ತೋರಿಸುವುದು ಆ ಹೆಬ್ಬೆಟ್ಟನ್ನೇ: “ಸ್ವಾಮಿ, ಇವರೇ ಒಪ್ಪಿ ದುಡ್ಡು ತೆಗೆದುಕೊಂಡಿದ್ದಾರೆ.” ಆ ವಾದಕ್ಕೆ ಇಂದು ನಾನು ಕೊಡುವ ಉತ್ತರ ಹಲವು ದೇಶಗಳ ರಾಜತಾಂತ್ರಿಕರು ಕೂತು ಚೌಕಾಸಿ ಮಾಡಿ ಬರೆದ ಆ ಅಂಶದಲ್ಲಿದೆ.

ಹಾಗೆಂದು ಬುದ್ಧಿಯೆಲ್ಲ ಹೊರಗಿನಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದ 23ನೇ ವಿಧಿ ಸಂವಿಧಾನದಲ್ಲಿ ಮೊದಲಿನಿಂದಲೂ ಇದೆ. 2018ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಹರಪನಹಳ್ಳಿ ತಾಲ್ಲೂಕು ಚೆನ್ನಾಗಿ ಬಲ್ಲ ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತು. ಸಾಲವು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಸಾಲ ಕೊಟ್ಟವನ ಮೇಲೆಯೇ ಹೊರಿಸಿತು. ಜೀತದಿಂದ ಬಿಡಿಸಿದವರಿಗೆ ಬಿಡುಗಡೆ ಪ್ರಮಾಣಪತ್ರವನ್ನು ತಡವಿಲ್ಲದೆ ಕೊಡಿ ಎಂದು ಅಮೆರಿಕದ ವರದಿ ಭಾರತಕ್ಕೆ ಮತ್ತೆ ಮತ್ತೆ ಹೇಳುತ್ತಲೇ ಇದೆ. ಅದಕ್ಕೆ ಸಹಿ ಹಾಕಬೇಕಾದವರು ಉಪವಿಭಾಗಾಧಿಕಾರಿಯಂಥ ಅಧಿಕಾರಿಗಳು. ಅವರ ಟೇಬಲ್ಲಿನವರೆಗೆ ಯಾವ ರಾಯಭಾರಿಯೂ ಬರುವುದಿಲ್ಲ. ಆ ಪತ್ರವಿಲ್ಲದೆ 2016ರ ಪುನರ್ವಸತಿ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಕಳ್ಳಸಾಗಣೆಯಂಥ ಘೋರ ಪ್ರಕರಣಗಳಿಗೆ 3 ಲಕ್ಷ ರೂಪಾಯಿ ಎಂದು ಗೊತ್ತುಪಡಿಸಿದ ಹಣ ಕೇಳುವುದಕ್ಕೆ ಆಧಾರವೇ ಇರುವುದಿಲ್ಲ.

ಹಾಗಾಗಿ ವರದಿಯನ್ನು ಬೈಯುವ ಹುಡುಗರಿಗೆ, ಅದರಲ್ಲಿ ಭಾರತದ ಅಧ್ಯಾಯದ ಶಿಫಾರಸುಗಳನ್ನಷ್ಟೇ ಓದಿ, ಅವುಗಳಲ್ಲಿ ಯಾವುದು ನಮ್ಮ ಜಿಲ್ಲೆಯಲ್ಲಿ ಆಗಿದೆ, ಯಾವುದು ಆಗಿಲ್ಲ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಎನ್ನುತ್ತೇನೆ. ಪೊಲೀಸರಿಗೆ ಹೇಳುವುದು ಬೇರೆ: ವಿದೇಶದಿಂದ ಮರಳಿದವನು ಠಾಣೆಗೆ ಬಂದಾಗ “ಅಲ್ಲಿ ನಡೆದದ್ದಕ್ಕೆ ಇಲ್ಲಿ ಕೇಸ್ ಆಗಲ್ಲ” ಎಂದು ಕಳುಹಿಸಬೇಡಿ. ಏಜೆಂಟ್ ಆಸೆ ಹುಟ್ಟಿಸಿದ್ದೂ ಹಣ ಪಡೆದದ್ದೂ ದಾವಣಗೆರೆಯಲ್ಲೇ ಆಗಿದ್ದರೆ ಎಫ್‌ಐಆರ್ ಇಲ್ಲಿಯೇ ದಾಖಲಾಗಬೇಕು.