ಅಲ್ಯೂಮಿನಿಯಂ ಮೇಲಿನ ತೆಳು ಪದರ ಮತ್ತು ನಮ್ಮ ಮೇಡಂ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಲಿತದ್ದರಲ್ಲಿ ನನ್ನ ಜೊತೆ ಇವತ್ತಿಗೂ ಉಳಿದಿರುವುದು ಒಂದು ಪ್ರಶ್ನೆ: "ಅದು ಯಾಕೆ ನಿಂತಿತು?" ಮೇಡಂ ಅದನ್ನು ಮೊದಲು ಕೇಳಿದ್ದು ಅಲ್ಯೂಮಿನಿಯಂ ಬಗ್ಗೆ.

ಕ್ರಿಯಾಶೀಲ ಲೋಹಗಳ ಪಟ್ಟಿಯಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೇಲಿದೆ. ಹಾಗಿದ್ದರೆ ಅದೇ ಬೇಗ ಹಾಳಾಗಬೇಕಿತ್ತು, ಅಲ್ವಾ? ಮೇಡಂ ಉತ್ತರ ಹೇಳಲಿಲ್ಲ. ಮೈಲುತುತ್ತದ (ಕಾಪರ್ ಸಲ್ಫೇಟ್) ನೀಲಿ ದ್ರಾವಣಕ್ಕೆ ಒಂದು ತುಂಡು ಫಾಯಿಲ್ ಹಾಕಿದರು. ಏನೂ ಆಗಲಿಲ್ಲ. ಆಮೇಲೆ ಅದೇ ಬೀಕರಿಗೆ ಉಪ್ಪು ಹಾಕಿ ಕಲಕಿದರು. ಗುಳ್ಳೆ ಏಳತೊಡಗಿತು, ಬೀಕರ್ ಬಿಸಿಯಾಯಿತು, ಫಾಯಿಲ್ ತೂತು ಬಿದ್ದು ಕೆಂಪು ತಾಮ್ರ ಕೂತಿತು. ಲೋಹವನ್ನು ಅಷ್ಟು ಹೊತ್ತು ಕಾಪಾಡಿದ್ದು ಕಣ್ಣಿಗೆ ಕಾಣದ ಆಕ್ಸೈಡ್ ಪದರ, ಅಂದರೆ ಲೋಹ ಆಕ್ಸಿಜನ್ ಜೊತೆ ಸೇರಿ ಆದ ಪದರ. ಉಪ್ಪಿನಲ್ಲಿದ್ದ ಕ್ಲೋರೈಡ್ ಅದನ್ನು ಅಲ್ಲಲ್ಲಿ ಮುರಿದಿತ್ತು.

ಇನ್ನೊಂದು ದಿನ ಅಲ್ಯೂಮಿನಿಯಂ ತಂತಿಯನ್ನು ಬರ್ನರ್ ಮೇಲೆ ಹಿಡಿದರು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಆಕ್ಸೈಡ್ ಕರಗಲು 2,000 ಡಿಗ್ರಿ ದಾಟಬೇಕು. ತಂತಿ ಒಳಗೆ ಕರಗಿ ಜೋತುಬಿತ್ತು, ಆದರೆ ಹನಿ ಕೆಳಗೆ ಬೀಳಲಿಲ್ಲ. ಪದರವೇ ಅದನ್ನು ಹಿಡಿದುಕೊಂಡಿತ್ತು.

ಹೊಸದಾಗಿ ಕತ್ತರಿಸಿದ ಅಲ್ಯೂಮಿನಿಯಂಗೆ ಗಾಳಿ ತಗುಲಿದ ಕೂಡಲೇ ಪದರ ಶುರುವಾಗುತ್ತದೆ. ಸಾಮಾನ್ಯವಾಗಿ 2ರಿಂದ 4 ನ್ಯಾನೋಮೀಟರ್‌ಗೆ ಬಂದಾಗ ಬೆಳವಣಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ತಲೆಕೂದಲಿನ ದಪ್ಪದಲ್ಲಿ 20,000ದಲ್ಲಿ ಒಂದು ಪಾಲು ಅಂದುಕೊಳ್ಳಿ. ಪುಸ್ತಕಗಳು "ಪದರ ಕಾಪಾಡುತ್ತದೆ" ಎಂದು ಹೇಳಿ ಮುಂದೆ ಹೋಗುತ್ತವೆ. ಮೇಡಂ ಮಾತ್ರ ಅಲ್ಲೇ ನಿಂತರು. ಬೆಳೆಯುತ್ತಿದ್ದದ್ದು ಯಾಕೆ ನಿಂತಿತು?

1940ರ ದಶಕದ ಕೊನೆಯಲ್ಲಿ ಕಬ್ರೇರಾ ಮತ್ತು ಮಾಟ್ ಎಂಬ ವಿಜ್ಞಾನಿಗಳು ಕೊಟ್ಟ ವಿವರಣೆಯನ್ನು ಅವರು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಪದರ ತೀರಾ ತೆಳ್ಳಗಿರುವಾಗ ಲೋಹದ ಎಲೆಕ್ಟ್ರಾನುಗಳು ಅದನ್ನು ನುಸುಳಿಕೊಂಡು ಹೊರಗೆ ಅಂಟಿರುವ ಆಕ್ಸಿಜನ್‌ಗೆ ತಲುಪುತ್ತವೆ. ಹೊರಗೆ ಋಣ, ಒಳಗೆ ಧನ. ನಡುವೆ ಸುಮಾರು 1 ವೋಲ್ಟ್. 1 ವೋಲ್ಟ್ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ದೂರ ಬರೀ 2 ನ್ಯಾನೋಮೀಟರ್! ಲೆಕ್ಕ ಹಾಕಿದರೆ ಒಂದು ಸೆಂಟಿಮೀಟರಿಗೆ 50 ಲಕ್ಷ ವೋಲ್ಟ್. ಈ ಸೆಳೆತಕ್ಕೆ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಸಾಮಾನ್ಯ ತಾಪದಲ್ಲೂ ಪದರ ದಾಟುತ್ತವೆ, ಪದರ ಬೆಳೆಯುತ್ತದೆ. ಪದರ ದಪ್ಪವಾದಷ್ಟೂ ಅದೇ 1 ವೋಲ್ಟ್ ಹೆಚ್ಚು ದೂರಕ್ಕೆ ಹಂಚಿಹೋಗಿ ಸೆಳೆತ ಕುಗ್ಗುತ್ತದೆ. ಅಯಾನುಗಳ ಓಡಾಟ ತುಂಬಾ ಬೇಗ ಇಳಿದುಹೋಗುತ್ತದೆ. ತಾನು ಬೆಳೆದದ್ದರಿಂದಲೇ ತನ್ನ ಬೆಳವಣಿಗೆಯನ್ನು ತಡೆಯುವ ವಸ್ತು! ಇದಕ್ಕಿಂತ ಚೆಂದದ ವಿಷಯವನ್ನು ನಾನು ಕೆಮಿಸ್ಟ್ರಿಯಲ್ಲಿ ಓದಿಲ್ಲ.

ಮೆಗ್ನೀಸಿಯಂ ವಿಷಯಕ್ಕೆ ಬಂದಾಗ ಮೇಡಂ ಜಾಸ್ತಿ ಎಚ್ಚರದಿಂದ ಮಾತಾಡುತ್ತಿದ್ದರು. ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬ ವಿಜ್ಞಾನಿಗಳು 1923ರಲ್ಲಿ ಒಂದು ಅನುಪಾತ ಕೊಟ್ಟಿದ್ದರು: ಹುಟ್ಟಿದ ಆಕ್ಸೈಡಿನ ಗಾತ್ರಕ್ಕೂ ಖರ್ಚಾದ ಲೋಹದ ಗಾತ್ರಕ್ಕೂ ಇರುವ ಲೆಕ್ಕ. ಅಲ್ಯೂಮಿನಿಯಂಗೆ ಅದು ಸುಮಾರು 1.28. ಅಂದರೆ ಲೋಹವನ್ನು ಪೂರ್ತಿ ಮುಚ್ಚಲು ಸಾಕು. ಮೆಗ್ನೀಸಿಯಂಗೆ ಸುಮಾರು 0.81, ಸಾಲುವುದಿಲ್ಲ. ಆದರೆ ಈ ಒಂದು ಅಂಕಿಯಿಂದ ಎಲ್ಲ ತೀರ್ಮಾನ ಮಾಡಬಾರದು ಎನ್ನುತ್ತಿದ್ದರು. ಒಣ ಗಾಳಿಯಲ್ಲಿ ಮೆಗ್ನೀಸಿಯಂ ಪದರವೂ ಸಾಕಷ್ಟು ಕಾಪಾಡುತ್ತದೆ. ತೇವ ಬಂದರೆ ಅದು ಹೈಡ್ರಾಕ್ಸೈಡ್ ಆಗುತ್ತದೆ, ಉಪ್ಪೂ ಸೇರಿದರೆ ಬೇಗ ಕೆಡುತ್ತದೆ. ಅವರ ಮಾತು ಸರಿ ಎಂದು ನನಗೆ ಆಮೇಲೆ ಕೆಲಸದಲ್ಲಿ ಗೊತ್ತಾಯಿತು.

ಕೊನೆಯ ವರ್ಷ ಅನೋಡೈಸಿಂಗ್ ಮಾಡಿದೆವು, ಅಂದರೆ ವಿದ್ಯುತ್ ಹಾಯಿಸಿ ಪದರವನ್ನು ದಪ್ಪ ಮಾಡುವ ಕೆಲಸ. ಕುಗ್ಗಿದ ಸೆಳೆತಕ್ಕೆ ಹೊರಗಿನಿಂದ ವೋಲ್ಟೇಜ್ ಕೊಟ್ಟರೆ ನಿಂತಿದ್ದ ಪದರ ಮತ್ತೆ ಬೆಳೆಯುತ್ತದೆ. ಸಲ್ಫ್ಯೂರಿಕ್ ಆಮ್ಲದಲ್ಲಾದರೆ ಸಣ್ಣ ಸಣ್ಣ ರಂಧ್ರಗಳ ಸಮೇತ ಮೈಕ್ರೋಮೀಟರುಗಟ್ಟಲೆ. ಆ ರಂಧ್ರಗಳಿಗೆ ಬಣ್ಣ ಇಳಿಸಿ, ಕುದಿಯುವ ನೀರಿನಲ್ಲಿಟ್ಟು ಮುಚ್ಚಿದೆವು. ಟೈಟಾನಿಯಂ ತುಂಡಿಗೆ ಬಣ್ಣವೇ ಬೇಕಾಗಲಿಲ್ಲ. ಪದರದ ಮೇಲಿಂದಲೂ ತಳದಿಂದಲೂ ವಾಪಸ್ ಬರುವ ಬೆಳಕು ಸೇರಿ ಬಣ್ಣ ಕೊಡುತ್ತದೆ. ಮೇಡಂ ನಿಧಾನಕ್ಕೆ ವೋಲ್ಟೇಜ್ ಏರಿಸಿದರು. ಹೊಂಬಣ್ಣ ಬಂತು, ನೇರಳೆ ಬಂತು, ಆಮೇಲೆ ನೀಲಿ. ಅಷ್ಟು ತೆಳುವಾದ ಪದರ ದಪ್ಪವಾಗುತ್ತಾ ಹೋಗುವುದನ್ನು ನಾವೆಲ್ಲ ಬರಿಗಣ್ಣಿನಲ್ಲಿ ನೋಡಿದ್ದು ಅವತ್ತೇ.